ಕ್ಯಾಮ್ಡೆನ್ ಪಾರ್ಕಿನ ಜೇಮ್ಸ್ ಮೆಕಾರ್ಥರ್: ಉಣ್ಣೆಯ ಮನೆತನವೊಂದರ ಸಾರ್ವಜನಿಕ ಬದುಕು

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಸಿಡ್ನಿ ನಗರದಿಂದ ನೈಋತ್ಯಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ ನೇಪಿಯನ್ ನದಿಯ ದಂಡೆಗೆ ಹೊಂದಿಕೊಂಡಿರುವ ಕ್ಯಾಮ್ಡೆನ್ ಪಾರ್ಕ್ ಎಂಬ ಎಸ್ಟೇಟು 1805ರಲ್ಲಿ ಆರಂಭವಾಗಿ ಎರಡು ಶತಮಾನಗಳನ್ನು ದಾಟಿ ಬಂದಿದೆ. ಅದರ ಒಡೆಯರಾದ ಮೆಕಾರ್ಥರ್ ಮನೆತನದ ಹಲವರು ಸದಸ್ಯರಾಗಿದ್ದ ಆ ರಾಜ್ಯದ ಶಾಸನ ಪರಿಷತ್ತಿಗೆ 2024ರಲ್ಲಿ ಇನ್ನೂರು ವರ್ಷ ತುಂಬಿತು. ಈ ಎರಡು ಸಂಸ್ಥೆಗಳ, ಎಂದರೆ ಕುರಿ ಸಾಕಣೆಯ ಎಸ್ಟೇಟು ಮತ್ತು ಶಾಸನ ಸಭೆಯ, ಇತಿಹಾಸ ಒಂದಕ್ಕೊಂದು ಹೆಣೆದುಕೊಂಡಿರುವುದು ಒಬ್ಬ ವ್ಯಕ್ತಿಯ ಬದುಕಿನಲ್ಲಿ ಬಹು ಸ್ಪಷ್ಟವಾಗಿ ಕಾಣುತ್ತದೆ. ಆತ ಜೇಮ್ಸ್ ಮೆಕಾರ್ಥರ್ (1798–1867). ಆಸ್ಟ್ರೇಲಿಯಾದ ಉಣ್ಣೆ ಉದ್ಯಮದ ಮೂಲಪುರುಷರಲ್ಲೊಬ್ಬನೆಂಬ ಕೀರ್ತಿ ತಂದೆ ಜಾನ್ ಮೆಕಾರ್ಥರನಿಗೆ ಸಂದಿದೆಯಾದರೂ, ತಂದೆ ಜಗಳವಾಡಿಯೂ ಸಾಹಸಪಟ್ಟೂ ಗಳಿಸಿದ ಭೂಮಿಯನ್ನು ಊರು, ಚರ್ಚು, ಗೇಣಿದಾರರು ಮತ್ತು ತೋಟಗಳುಳ್ಳ ನೆಲೆಯಾದ ವ್ಯವಸ್ಥೆಯಾಗಿ ಮಾರ್ಪಡಿಸಿದ ಕೆಲಸ ಹೆಚ್ಚಾಗಿ ಎರಡನೆಯ ತಲೆಮಾರಿನದು. ಭೂಒಡೆಯರ ಮುಂದಾಳತ್ವದ ಸಮಾಜವನ್ನು ಕಟ್ಟಬೇಕೆಂಬ ಜೇಮ್ಸನ ರಾಜಕೀಯ ಗುರಿ ಈಡೇರಲಿಲ್ಲ. ಆ ಗುರಿಗೆ ಸಾಧನವೆಂದು ಆತ ಕೈಗೊಂಡ ಕೆಲಸಗಳು ಮಾತ್ರ ಗುರಿಗಿಂತ ಹೆಚ್ಚು ಕಾಲ ಬಾಳಿದವು.

ಹಿನ್ನೆಲೆ: 1788–1805

ಬ್ರಿಟನ್ನಿನ ಸೆರೆಮನೆಗಳಲ್ಲಿದ್ದ ಅಪರಾಧಿಗಳನ್ನು ಗಡೀಪಾರು ಮಾಡಲು 1788ರ ಜನವರಿಯಲ್ಲಿ ಸಿಡ್ನಿಯಲ್ಲಿ ಸ್ಥಾಪಿತವಾದ ವಸಾಹತು ಮೊದಲ ಕೆಲವು ವರ್ಷ ಹೊಟ್ಟೆಗಿಲ್ಲದೆ ಬಳಲಿತು. ಗುಡ್ ಹೋಪ್ ಭೂಶಿರದಿಂದ ಹಡಗಿನಲ್ಲಿ ತಂದಿದ್ದ ದನಗಳು ಅದೇ ವರ್ಷ ಕಾವಲುಗಾರರ ಕಣ್ಣುತಪ್ಪಿಸಿ ಕಾಡು ಸೇರಿದ್ದವು; 1795ರಲ್ಲಿ ನೇಪಿಯನ್ ನದಿಯಾಚೆ ಹುಲುಸಾದ ಹುಲ್ಲುಗಾವಲಿನಲ್ಲಿ ಅವುಗಳ ಸಂತಾನ ದೊಡ್ಡ ಹಿಂಡಾಗಿ ಮೇಯುತ್ತಿರುವುದು ಪತ್ತೆಯಾದಾಗ ಗವರ್ನರ್ ಹಂಟರ್ ಆ ಪ್ರದೇಶಕ್ಕೆ ಕೌಪಾಶ್ಚರ್ಸ್ ಎಂಬ ಹೆಸರಿಟ್ಟ. ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳ ಹಾಗೆ ಅದು ಸರ್ಕಾರದ ದನಗಳಿಗೆಂದೇ ಕಾಯ್ದಿರಿಸಿದ ಹುಲ್ಲುಗಾವಲಾಯಿತು, ಅನುಮತಿಯಿಲ್ಲದೆ ಯಾರೂ ಅಲ್ಲಿಗೆ ಕಾಲಿಡುವಂತಿರಲಿಲ್ಲ. ಆದರೆ ಅದು ಒಡೆಯರಿಲ್ಲದ ನೆಲವಾಗಿರಲಿಲ್ಲ: ಧರಾವಲ್ ಜನರು ಮತ್ತು ಅವರ ನೆರೆಯ ಗುಂಡುಂಗುರ್ರ ಜನರು ತಲತಲಾಂತರದಿಂದ ಅಲ್ಲಿ ಬಾಳಿಕೊಂಡು ಬಂದಿದ್ದರು.

ಜಾನ್ ಮೆಕಾರ್ಥರ್ 1790ರ ಜೂನ್‌ನಲ್ಲಿ ನ್ಯೂ ಸೌತ್ ವೇಲ್ಸ್ ಕೋರ್ ಎಂಬ ಪಡೆಯ ಲೆಫ್ಟಿನೆಂಟ್ ಆಗಿ, ಹೆಂಡತಿ ಎಲಿಜಬೆತ್ ಮತ್ತು ಕೂಸು ಎಡ್ವರ್ಡನೊಂದಿಗೆ ಸಿಡ್ನಿಯಲ್ಲಿ ಇಳಿದ. 1793ರಲ್ಲಿ ಪ್ಯಾರಮ್ಯಾಟದಲ್ಲಿ ದೊರೆತ ನೂರು ಎಕರೆ ಭೂಮಿಯಲ್ಲಿ ಕಟ್ಟಿಸಿದ ಮನೆಗೆ ಹೆಂಡತಿಯ ಹೆಸರನ್ನೇ ಕೊಟ್ಟು ಎಲಿಜಬೆತ್ ಫಾರ್ಮ್ ಎಂದು ಕರೆದ. ಆಸ್ಟ್ರೇಲಿಯಾದಲ್ಲಿ ಇಂದಿಗೂ ಉಳಿದಿರುವ ಯುರೋಪಿಯನ್ ಕಟ್ಟಡಗಳಲ್ಲಿ ಅತಿ ಹಳೆಯದೆಂದು ಅದನ್ನು ಗುರುತಿಸಲಾಗುತ್ತದೆ. ಅವನ ಮೊದಲ ಕುರಿಹಿಂಡು ಸಿದ್ಧವಾದದ್ದು ಭಾರತದಿಂದ: ಕಲ್ಕತ್ತದಿಂದ ಬಂದ ಸುಮಾರು 60 ಬಂಗಾಳದ ಕುರಿಗಳನ್ನು 1794ರಲ್ಲಿ ಕೊಂಡು, ಅವುಗಳಿಗೆ ಐರ್ಲೆಂಡಿನ ತಳಿಯನ್ನು ಅಡ್ಡಹಾಯಿಸಿದಾಗ ಬಂಗಾಳ ಕುರಿಯ ಒರಟು ರೋಮದ ಜಾಗದಲ್ಲಿ ಉಣ್ಣೆ ಬೆಳೆಯುವುದು ಕಂಡುಬಂತು. 1797ರಲ್ಲಿ ವಾಟರ್‌ಹೌಸ್ ಮತ್ತು ಕೆಂಟ್ ಎಂಬ ನೌಕಾಧಿಕಾರಿಗಳು ಗುಡ್ ಹೋಪ್ ಭೂಶಿರದಿಂದ ತಂದ ಸ್ಪೇನ್ ಮೂಲದ ಮೆರಿನೊ ಕುರಿಗಳಲ್ಲಿ ಕೆಲವು ಅವನಿಗೂ ದೊರೆತವು. ಮೆರಿನೊ ಎಂದರೆ ಅತಿ ನವಿರಾದ, ಒತ್ತಾದ ಉಣ್ಣೆ ಕೊಡುವ ತಳಿ; ಇಂಗ್ಲೆಂಡಿನ ಬಟ್ಟೆ ಗಿರಣಿಗಳು ಈ ಉಣ್ಣೆಗಾಗಿ ಸ್ಪೇನ್ ಮತ್ತು ಜರ್ಮನಿಯ ಸ್ಯಾಕ್ಸನಿಯನ್ನು ನೆಚ್ಚಿಕೊಂಡಿದ್ದವು, ಫ್ರಾನ್ಸಿನೊಡನೆ ನಡೆದಿದ್ದ ಯುದ್ಧದಿಂದ ಆ ಪೂರೈಕೆಗೆ ಅಡಚಣೆಯಾಗಿತ್ತು.

1801ರಲ್ಲಿ ತನ್ನ ಮೇಲಧಿಕಾರಿ ಕರ್ನಲ್ ಪ್ಯಾಟರ್ಸನ್‌ನೊಡನೆ ನಡೆದ ದ್ವಂದ್ವಯುದ್ಧದ ಕಾರಣ ಗವರ್ನರ್ ಕಿಂಗ್ ಅವನನ್ನು ವಿಚಾರಣೆಗೆಂದು ಇಂಗ್ಲೆಂಡಿಗೆ ಕಳುಹಿಸಿದ. ಆ ಶಿಕ್ಷೆಯ ಪ್ರಯಾಣವೇ ಮನೆತನದ ಭಾಗ್ಯೋದಯಕ್ಕೆ ದಾರಿಯಾಯಿತು. ಜೊತೆಗೆ ಒಯ್ದಿದ್ದ ಉಣ್ಣೆಯ ಮಾದರಿಗಳನ್ನು ತೋರಿಸಿ ಗಿರಣಿ ಮಾಲೀಕರ ಒಲವನ್ನು ಗಳಿಸಿದ ಜಾನ್, 1804ರಲ್ಲಿ ವಸಾಹತು ಮಂತ್ರಿ ಲಾರ್ಡ್ ಕ್ಯಾಮ್ಡೆನ್‌ನಿಂದ ಕೌಪಾಶ್ಚರ್ಸ್‌ನಲ್ಲಿ 5,000 ಎಕರೆ ಭೂಮಿಯ ಶಿಫಾರಸನ್ನೂ, ರಾಜ ಮೂರನೆಯ ಜಾರ್ಜನ ಸ್ವಂತ ಮೆರಿನೊ ಹಿಂಡಿನ ಹರಾಜಿನಲ್ಲಿ ಕೊಂಡ ಕೆಲವು ಕುರಿಗಳನ್ನೂ ಪಡೆದು 1805ರಲ್ಲಿ ಹಿಂತಿರುಗಿದ. ಉಪಕಾರ ಸ್ಮರಣೆಗಾಗಿ ಎಸ್ಟೇಟಿಗೆ ಆ ಮಂತ್ರಿಯ ಹೆಸರೇ ಬಂತು.

ತಾಯಿಯ ಆಡಳಿತ: 1805–1817

ಜೇಮ್ಸ್ ಹುಟ್ಟಿದ್ದು 1798ರ ಡಿಸೆಂಬರ್ 15ರಂದು, ಪ್ಯಾರಮ್ಯಾಟದಲ್ಲಿ. ಹತ್ತು ವರ್ಷ ತುಂಬುವ ಮೊದಲೇ ಅವನ ಮನೆ ವಸಾಹತಿನ ಅತಿ ದೊಡ್ಡ ರಾಜಕೀಯ ಬಿಕ್ಕಟ್ಟಿನ ನಡುವೆ ಸಿಲುಕಿತು. 1808ರ ಜನವರಿ 26ರಂದು ಸೇನಾಧಿಕಾರಿಗಳು ಗವರ್ನರ್ ವಿಲಿಯಂ ಬ್ಲೈನನ್ನು ಪದಚ್ಯುತಗೊಳಿಸಿದ ಘಟನೆ, ಮದ್ಯದ ವ್ಯಾಪಾರದ ನಿಯಂತ್ರಣವೂ ಅದರ ಕಾರಣಗಳಲ್ಲೊಂದಾಗಿದ್ದುದರಿಂದ, ಮುಂದೆ ‘ರಮ್ ದಂಗೆ’ ಎಂದು ಹೆಸರಾಯಿತು. ಅದರಲ್ಲಿ ಪ್ರಮುಖ ಪಾತ್ರ ವಹಿಸಿದ ಜಾನ್ ಮೆಕಾರ್ಥರ್ 1809ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಜೇಮ್ಸ್ ಮತ್ತು ಅವನ ತಮ್ಮ ವಿಲಿಯಂರನ್ನೂ (1800–1882) ಜೊತೆಗೆ ಕರೆದೊಯ್ದ. ಹಿಂತಿರುಗಿದರೆ ವಿಚಾರಣೆ ಎದುರಿಸಬೇಕಾಗಿದ್ದ ಆತ ಎಂಟು ವರ್ಷ ವಸಾಹತಿನಿಂದ ದೂರವೇ ಉಳಿಯಬೇಕಾಯಿತು. ಈ ಪ್ರಕರಣದ ನ್ಯಾಯಾನ್ಯಾಯದ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಅದರಿಂದಾಗಿ ಎಸ್ಟೇಟಿನ ಹೊಣೆ ಎಲಿಜಬೆತ್ ಮೆಕಾರ್ಥರಳ ಹೆಗಲೇರಿತೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

1809ರಿಂದ 1817ರವರೆಗೆ ಹಿಂಡುಗಳ ತಳಿ ಆಯ್ಕೆ, ಕೈದಿ ಕೆಲಸಗಾರರ ಮೇಲ್ವಿಚಾರಣೆ, ಉಣ್ಣೆಯನ್ನು ಹಡಗಿಗೆ ಸಾಗಿಸುವ ವ್ಯವಸ್ಥೆ ಮತ್ತು ಲೆಕ್ಕಪತ್ರ ಎಲ್ಲವನ್ನೂ ಎಲಿಜಬೆತ್ ನಿರ್ವಹಿಸಿದಳು. ಬೇಲಿಯಿಲ್ಲದ ಆ ಕಾಲದಲ್ಲಿ ಹಿಂಡಿನ ಹಿಂದೆ ಕುರಿಗಾಹಿಗಳಾಗಿ ಹಗಲೆಲ್ಲ ತಿರುಗುತ್ತಿದ್ದವರು ಹೆಚ್ಚಾಗಿ ಗಡೀಪಾರಾದ ಕೈದಿಗಳೇ. ಸಂಜೆ ಕುರಿಗಳನ್ನು ಎತ್ತಿ ಸಾಗಿಸಬಹುದಾದ ಮರದ ತಡಿಕೆಗಳ ದೊಡ್ಡಿಗೆ ತುಂಬಿ, ಪಕ್ಕದಲ್ಲೇ ಒಬ್ಬ ಮಲಗುವಷ್ಟು ದೊಡ್ಡ ಮರದ ಪೆಟ್ಟಿಗೆಯಂಥ ಗೂಡನ್ನಿಟ್ಟು ಡಿಂಗೋ ನಾಯಿಗಳಿಂದ ಅವನ್ನು ಕಾಯಬೇಕಿತ್ತು. ನೆಲ ಗಲೀಜಾದಂತೆಲ್ಲ ತಡಿಕೆ, ಗೂಡು ಎರಡನ್ನೂ ಹೊತ್ತು ಮುಂದಿನ ಜಾಗಕ್ಕೆ ಹೋಗಬೇಕಿತ್ತು. ಉಣ್ಣೆ ಕತ್ತರಿಸುವ ಮುನ್ನ ಕುರಿಗಳನ್ನು ಹರಿಯುವ ನೀರಿನಲ್ಲಿ ತೊಳೆದು, ಕತ್ತರಿಸಿದ ಉಣ್ಣೆಯನ್ನು ದರ್ಜೆವಾರು ಬೇರ್ಪಡಿಸಿ ಗೋಣಿಗಳಲ್ಲಿ ಒತ್ತಿ ತುಂಬುತ್ತಿದ್ದರು. ಲಂಡನ್ನಿನಲ್ಲಿ ಮೆಕಾರ್ಥರ್ ಉಣ್ಣೆಗೆ ಹೆಸರು ಬಂದದ್ದು ಇಂಥ ದಿನನಿತ್ಯದ ಶಿಸ್ತಿನಿಂದ, ಮತ್ತು ಅದರಲ್ಲಿ ಎಲಿಜಬೆತ್ತಳ ಪಾಲು ಗಂಡನ ಪಾಲಿಗಿಂತ ಕಡಿಮೆಯದಲ್ಲವೆಂದು ಈಚಿನ ಸಂಶೋಧಕರು ಒಪ್ಪುತ್ತಾರೆ.

ಈ ಅವಧಿಯ ಬಹುಭಾಗ ವಸಾಹತಿನ ಗವರ್ನರ್ ಆಗಿದ್ದ ಲಾಕ್ಲನ್ ಮಕ್ವಾರಿಯು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗವಹಿಸಿದ್ದ ಸೇನಾಧಿಕಾರಿ. ಶಿಕ್ಷೆ ಮುಗಿಸಿದ ಕೈದಿಗಳಿಗೂ ಸಮಾಜದಲ್ಲಿ ಸಮಾನ ಸ್ಥಾನ ಸಿಗಬೇಕೆಂಬ ಅವನ ಉದಾರ ನೀತಿಗೂ ಮೆಕಾರ್ಥರ್ ಕುಟುಂಬದ ನಿಲುವಿಗೂ ಹೊಂದಿಕೆಯಾಗಲಿಲ್ಲ. ಅದೇ ಗವರ್ನರನ ಆಜ್ಞೆಯಂತೆ ಹೊರಟ ಸೈನಿಕರ ತುಕಡಿಯೊಂದು 1816ರ ಏಪ್ರಿಲ್ 17ರಂದು ಕೌಪಾಶ್ಚರ್ಸ್‌ಗೆ ಹತ್ತಿರದ ಆಪಿನ್‌ನಲ್ಲಿ ಕನಿಷ್ಠ 14 ಮಂದಿ ಮೂಲನಿವಾಸಿಗಳನ್ನು ಕೊಂದಿತು. ಹುಲ್ಲುಗಾವಲಿನ ಮೇಲಿನ ಹಕ್ಕು ಕೈಬದಲಾದ ಪರಿ ಇದು; ಎಸ್ಟೇಟಿನ ಸಮೃದ್ಧಿಯ ಕಥನವನ್ನು ಇದರಿಂದ ಬೇರ್ಪಡಿಸಿ ಹೇಳಲಾಗದು.

ಅಣ್ಣತಮ್ಮಂದಿರ ಪಾಲುದಾರಿಕೆ: 1817–1834

ಇಂಗ್ಲೆಂಡಿನಲ್ಲಿ ಶಾಲೆಯ ಓದನ್ನೂ ಲಂಡನ್ನಿನ ವ್ಯಾಪಾರಿ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಅನುಭವವನ್ನೂ ಪಡೆದ ಜೇಮ್ಸ್, 1815–16ರಲ್ಲಿ ತಂದೆ ಮತ್ತು ತಮ್ಮನೊಂದಿಗೆ ಫ್ರಾನ್ಸ್ ಹಾಗೂ ಸ್ವಿಟ್ಜರ್ಲೆಂಡಿನಲ್ಲಿ ಪ್ರವಾಸ ಮಾಡಿ ದ್ರಾಕ್ಷಿ ಬೇಸಾಯವನ್ನು ಹತ್ತಿರದಿಂದ ನೋಡಿ, 1817ರಲ್ಲಿ ತವರಿಗೆ ಮರಳಿದ. ಅಲ್ಲಿಂದ ಮುಂದೆ ಕ್ಯಾಮ್ಡೆನ್ ಎಸ್ಟೇಟಿನ ದೈನಂದಿನ ಆಡಳಿತ ಕ್ರಮೇಣ ಈ ಇಬ್ಬರು ಸೋದರರ ಕೈಗೆ ಬಂತು. ಜೇಮ್ಸ್ ಹಣಕಾಸು, ಪತ್ರವ್ಯವಹಾರ ಮತ್ತು ಸಾರ್ವಜನಿಕ ವ್ಯವಹಾರಗಳನ್ನು ನೋಡಿಕೊಂಡರೆ, ವಿಲಿಯಂ ದ್ರಾಕ್ಷಿ ತೋಟ, ಸಸ್ಯೋದ್ಯಾನ ಮತ್ತು ಪಶುಪಾಲನೆಯ ಕಡೆ ಒಲಿದ. ಪಾಲು ಬೇರೆಯಾಗದೆ ಅರ್ಧ ಶತಮಾನ ನಡೆದ ಈ ಒಗ್ಗಟ್ಟೇ ಸಂಸ್ಥೆಯ ಸ್ಥಿರತೆಗೆ ಮುಖ್ಯ ಕಾರಣವೆನ್ನಬಹುದು.

ಮಕ್ವಾರಿಯ ಆಡಳಿತವನ್ನು ಪರಿಶೀಲಿಸಲು ಲಂಡನ್ ಸರ್ಕಾರ ಕಳುಹಿಸಿದ ಆಯುಕ್ತ ಜಾನ್ ಥಾಮಸ್ ಬಿಗ್, ಬಂಡವಾಳವುಳ್ಳವರಿಗೆ ಭೂಮಿಯನ್ನೂ ಕೈದಿ ಕೆಲಸಗಾರರನ್ನೂ ಕೊಟ್ಟು ಉಣ್ಣೆ ಉತ್ಪಾದನೆಯನ್ನು ವಸಾಹತಿನ ಆರ್ಥಿಕತೆಯ ಆಧಾರವಾಗಿಸಬೇಕೆಂದು 1822–23ರಲ್ಲಿ ಪ್ರಕಟವಾದ ವರದಿಗಳಲ್ಲಿ ಸೂಚಿಸಿದ. ಇದು ಮೆಕಾರ್ಥರ್ ಮನೆತನದ ವಾದವೇ ಆಗಿತ್ತು. 1822ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಜಾನ್ ಮೆಕಾರ್ಥರನಿಗೆ ಎರಡು ಚಿನ್ನದ ಪದಕಗಳನ್ನು ನೀಡಿತು. 1824ರಲ್ಲಿ ಬ್ರಿಟಿಷ್ ಸಂಸತ್ತಿನ ಶಾಸನದ ಮೂಲಕ ಹತ್ತು ಲಕ್ಷ ಪೌಂಡ್ ಬಂಡವಾಳ ಮತ್ತು ಹತ್ತು ಲಕ್ಷ ಎಕರೆ ಭೂಮಿಯ ಭರವಸೆಯೊಂದಿಗೆ ಆಸ್ಟ್ರೇಲಿಯನ್ ಅಗ್ರಿಕಲ್ಚರಲ್ ಕಂಪನಿ ಸ್ಥಾಪನೆಯಾದಾಗ, ಲಂಡನ್ನಿನಲ್ಲಿ ವಕೀಲನಾಗಿದ್ದ ಜೇಮ್ಸನ ಅಣ್ಣ, ಕಿರಿಯ ಜಾನ್ ಅದರ ಸಂಘಟಕರಲ್ಲೊಬ್ಬನಾಗಿದ್ದ. ವಸಾಹತಿನಲ್ಲಿ ಕಂಪನಿಯ ಸ್ಥಳೀಯ ಸಮಿತಿಯಲ್ಲಿ ಜೇಮ್ಸ್, ಅವನ ಭಾವ ಡಾಕ್ಟರ್ ಜೇಮ್ಸ್ ಬೌಮನ್, ದೊಡ್ಡಪ್ಪನ ಮಗ ಹ್ಯಾನಿಬಲ್ ಮೆಕಾರ್ಥರ್ ಮತ್ತು ಹ್ಯಾನಿಬಲ್‌ನ ಭಾವ ಫಿಲಿಪ್ ಪಾರ್ಕರ್ ಕಿಂಗ್ ಇದ್ದರು. ಸಮಿತಿ ಒಂದೇ ಬಂಧುವರ್ಗದಿಂದ ಕೂಡಿದ್ದುದು ಟೀಕೆಗೆ ಎಡೆಯಾಯಿತು, ಮೊದಲ ಏಜೆಂಟ್ ರಾಬರ್ಟ್ ಡಾಸನ್‌ನೊಡನೆ ಭಿನ್ನಾಭಿಪ್ರಾಯಗಳೂ ತಲೆದೋರಿದವು. ಮುಂದೆ ಕಂಪನಿಯು ಸರ್ ಎಡ್ವರ್ಡ್ ಪ್ಯಾರಿಯನ್ನು ಆಯುಕ್ತನಾಗಿ ಕಳುಹಿಸಿ ಆಡಳಿತವನ್ನು ನೇರವಾಗಿ ವಹಿಸಿಕೊಂಡ ಮೇಲೆ ಆ ವಿವಾದಗಳು ತಣ್ಣಗಾದವು.

ಇದೇ ಕಾಲಕ್ಕೆ ಮನೆತನ ಆಡಳಿತ ಮಂಡಲಗಳಲ್ಲೂ ನೆಲೆಯೂರಿತು. ಗವರ್ನರನಿಗೆ ಸಲಹೆ ನೀಡಲು 1824ರಲ್ಲಿ ಬೆರಳೆಣಿಕೆಯ ನಾಮನಿರ್ದೇಶಿತ ಸದಸ್ಯರೊಂದಿಗೆ ಆರಂಭವಾದ ಶಾಸನ ಪರಿಷತ್ತಿನಲ್ಲಿ ಜಾನ್ ಮೆಕಾರ್ಥರ್ 1825ರಿಂದ 1832ರವರೆಗೆ ಸದಸ್ಯನಾಗಿದ್ದ. ಹ್ಯಾನಿಬಲ್ 1830ರಲ್ಲಿ ಸೇರಿದ. ಹಿರಿಯ ಮಗ ಎಡ್ವರ್ಡ್ ಬ್ರಿಟಿಷ್ ಸೈನ್ಯದಲ್ಲಿ ಮೇಲೇರಿ, 1856ರಲ್ಲಿ ನೆರೆಯ ವಿಕ್ಟೋರಿಯಾ ವಸಾಹತಿನ ಹಂಗಾಮಿ ಆಡಳಿತಗಾರನಾದ. ಇಂಥ ಬಂಧುಬಳಗದ ನಡುವೆ ಬೆಳೆದ ಜೇಮ್ಸನಿಗೆ ರಾಜಕಾರಣ ಹೊಸದಾಗಿ ಆರಿಸಿಕೊಳ್ಳಬೇಕಾದ ವೃತ್ತಿಯಾಗಿರಲಿಲ್ಲ, ಜಮೀನಿನೊಂದಿಗೆ ಬಂದ ಹೊಣೆಯಾಗಿತ್ತು. ಕೊನೆಯ ವರ್ಷಗಳಲ್ಲಿ ಮಾನಸಿಕ ಅಸ್ವಾಸ್ಥ್ಯದಿಂದ ನರಳಿದ ಜಾನ್ ಮೆಕಾರ್ಥರ್ 1834ರ ಏಪ್ರಿಲ್‌ನಲ್ಲಿ ಕ್ಯಾಮ್ಡೆನ್‌ನಲ್ಲಿ ತೀರಿಕೊಂಡ.

ಮನೆ, ಚರ್ಚು, ಊರು: 1832–1849

ತಂದೆ ಕಂಡು ಮುಗಿಸಲಾಗದೆ ಹೋದ ಮನೆ ಮುಂದಿನ ವರ್ಷ ಪೂರ್ಣಗೊಂಡಿತು. ವಾಸ್ತುಶಿಲ್ಪಿ ಜಾನ್ ವರ್ಜ್ ಸಿದ್ಧಪಡಿಸಿದ ನಕ್ಷೆಯಂತೆ 1832ರಲ್ಲಿ ಆರಂಭವಾಗಿ 1835ರಲ್ಲಿ ಮುಗಿದ ಕ್ಯಾಮ್ಡೆನ್ ಪಾರ್ಕ್ ಹೌಸ್, ನಡುವೆ ಎರಡಂತಸ್ತಿನ ಮುಖ್ಯ ಕಟ್ಟಡ ಮತ್ತು ಎರಡೂ ಮಗ್ಗುಲಲ್ಲಿ ಒಂದಂತಸ್ತಿನ ಸರಿಸಮ ಭಾಗಗಳಿರುವ, ಇಟ್ಟಿಗೆಯ ಮೇಲೆ ಗಾರೆ ಬಳಿದ ಕಟ್ಟಡ. ಮುಂಬಾಗಿಲಿಗೆ ಕಲ್ಲಿನ ಕಂಬಗಳ ಮುಖಮಂಟಪವಿದೆ. ತೋಟದ ಕಡೆಗೆ ಉದ್ದಕ್ಕೂ ಕಂಬಸಾಲಿನ ಜಗಲಿಯಿದೆ. ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೋನ ಮಾದರಿಯೆಂದು ಕರೆಯುವ ಈ ಎಡಬಲ ಸಮತೂಕದ ಶೈಲಿ, ಆಡಂಬರಕ್ಕಿಂತ ಗಾಂಭೀರ್ಯವನ್ನು ಬಯಸುವ ಇಂಗ್ಲಿಷ್ ಗ್ರಾಮೀಣ ಭೂಒಡೆಯರ ಅಭಿರುಚಿಗೆ ಒಪ್ಪುವಂಥದು. ಆದರೆ ಸಂಸ್ಥೆಯ ಬೇರುಗಳು ಇಲ್ಲಿಗಿಂತ ಹೆಚ್ಚಾಗಿ ಸ್ವಲ್ಪ ದೂರದ ಬೆಲ್ಜೆನಿ ಫಾರ್ಮ್‌ನಲ್ಲಿವೆ. ಅಲ್ಲಿನ ಮರದ ಕಣಜಗಳು, ಲಾಯಗಳು ಮತ್ತು ಕೊಟ್ಟಿಗೆಗಳು ಎಸ್ಟೇಟಿನ ಕಾರ್ಯಾಗಾರವಾಗಿದ್ದವು.

1830ರ ದಶಕದ ಹೊತ್ತಿಗೆ ಎಸ್ಟೇಟಿನ ವಿಸ್ತಾರ ಸುಮಾರು 28,000 ಎಕರೆಗೆ ಏರಿತ್ತು. ಇಷ್ಟು ನೆಲವನ್ನು ಕೈದಿಗಳ ದುಡಿಮೆಯಿಂದಲೇ ನಡೆಸುವ ಕಾಲ ಮುಗಿಯುತ್ತ ಬಂದಿದೆಯೆಂಬುದನ್ನು ಜೇಮ್ಸ್ ಬೇಗ ಗ್ರಹಿಸಿದ. 1838ರಲ್ಲಿ ಜರ್ಮನಿಯ ರೈನ್‌ಗೌ ಪ್ರದೇಶದ ದ್ರಾಕ್ಷಿ ಬೇಸಾಯಗಾರರ ಆರು ಕುಟುಂಬಗಳನ್ನು ಕರೆಸಿಕೊಳ್ಳಲಾಯಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ಬಂದ ವಲಸಿಗ ಕುಟುಂಬಗಳಿಗೆ ‘ಕ್ಲಿಯರಿಂಗ್ ಲೀಸ್’ ಎಂಬ ಕರಾರಿನ ಮೇಲೆ ಭೂಮಿ ಕೊಡಲಾಯಿತು. ಎಂದರೆ ಗೇಣಿದಾರನು ಮರ ಕಡಿದು, ಬೊಡ್ಡೆ ಕಿತ್ತು, ಬೇಲಿ ಹಾಕಿ ನೆಲವನ್ನು ಉಳುಮೆಗೆ ತಂದರೆ ಮೊದಲ ಕೆಲವು ವರ್ಷ ಗೇಣಿ ಕೊಡಬೇಕಾಗಿರಲಿಲ್ಲ. ಕೈಯಲ್ಲಿ ಹಣವಿಲ್ಲದ ವಲಸಿಗನಿಗೆ ಬೇಸಾಯಗಾರನಾಗುವ ದಾರಿ ಇದರಿಂದ ತೆರೆಯಿತು, ಒಡೆಯರಿಗೆ ಸಾಗುವಳಿ ಭೂಮಿ ದಕ್ಕಿತು. ಕುರಿ ಮೇಯುತ್ತಿದ್ದ ಇಳಿಜಾರುಗಳಲ್ಲಿ ಗೋಧಿ ಬೆಳೆಯತೊಡಗಿತು.

ಗೇಣಿದಾರರಿಗೆ ಅಂಗಡಿ, ಗಿರಣಿ, ಶಾಲೆ, ಪೂಜಾಸ್ಥಾನಗಳು ಬೇಕಾಗಿದ್ದವು. ತಂದೆಯ ಕಾಲದಲ್ಲಿ ಎಸ್ಟೇಟಿನ ಮೇಲೆ ಊರು ಕಟ್ಟುವ ಮಾತಿಗೆ ಒಪ್ಪಿಗೆ ಸಿಕ್ಕಿರಲಿಲ್ಲ. ಮಕ್ಕಳು ತಾವೇ ನಕ್ಷೆ ಹಾಕಿಸಿ 1841ರ ಜುಲೈನಲ್ಲಿ ಕ್ಯಾಮ್ಡೆನ್ ಪಟ್ಟಣದ ನಿವೇಶನಗಳನ್ನು ಮಾರಾಟಕ್ಕಿಟ್ಟರು. ಅದರ ಹಿಂದಿನ ವರ್ಷವೇ, 1840ರ ನವೆಂಬರ್‌ನಲ್ಲಿ, ದಿಬ್ಬದ ಮೇಲೆ ಸೇಂಟ್ ಜಾನ್ಸ್ ಚರ್ಚಿನ ಅಡಿಗಲ್ಲನ್ನು ಬಿಷಪ್ ಬ್ರೌಟನ್ ಇಟ್ಟಿದ್ದರು. ಆರ್ಥಿಕ ಮುಗ್ಗಟ್ಟಿನಿಂದ ಕೆಲಸ ನಿಧಾನವಾಗಿ, 1849ರಲ್ಲಷ್ಟೇ ಅದರ ಪ್ರತಿಷ್ಠಾಪನೆಯಾಯಿತು. ಗಾಥಿಕ್ ಶೈಲಿಯ ಈ ಇಟ್ಟಿಗೆ ಕಟ್ಟಡದ ಚೂಪು ಗೋಪುರ ಬಯಲಿನ ಆಚೆ ಎಸ್ಟೇಟಿನ ಮನೆಯಿಂದ ನೇರವಾಗಿ ಕಾಣುವಂತೆ ನಿಂತಿದೆ. ಒಡೆಯರ ಮನೆ, ದೇವರ ಮನೆ ಮತ್ತು ಗೇಣಿದಾರರ ಊರು ಒಂದೇ ನೋಟದಲ್ಲಿ ಸೇರಬೇಕೆಂಬ ಜೇಮ್ಸನ ಸಾಮಾಜಿಕ ಕಲ್ಪನೆ ಆ ಜಾಗದ ಆಯ್ಕೆಯಲ್ಲೇ ತಿಳಿಯುತ್ತದೆ.

ಪಕ್ಷಗಳ ನಡುವೆ: 1836–1848

ಆ ಕಾಲದ ವಸಾಹತಿನ ರಾಜಕೀಯವನ್ನು ಎರಡು ಗುಂಪುಗಳು ಹಂಚಿಕೊಂಡಿದ್ದವು. ಶಿಕ್ಷೆ ಮುಗಿಸಿ ಬಿಡುಗಡೆಯಾದವರನ್ನೂ ಅವರ ಪರವಾಗಿದ್ದವರನ್ನೂ ‘ಇಮ್ಯಾನ್ಸಿಪಿಸ್ಟರು’ ಎಂದು ಕರೆಯುತ್ತಿದ್ದರು; ಸ್ವತಂತ್ರರಾಗಿ ಬಂದು ಭೂಮಿ ಗಳಿಸಿದವರು, ಸಾರ್ವಜನಿಕ ಹಕ್ಕುಗಳು ತಮಗಷ್ಟೇ ಮೀಸಲಾಗಬೇಕೆಂದು ವಾದಿಸಿದ್ದರಿಂದ ‘ಎಕ್ಸ್‌ಕ್ಲೂಸಿವ್ಸ್’ ಎನಿಸಿಕೊಂಡರು. ಮಾಜಿ ಕೈದಿಗಳು ನ್ಯಾಯಾಲಯದಲ್ಲಿ ಜ್ಯೂರಿಗಳಾಗಿ ಕೂರಬಹುದೇ ಎಂಬ ಪ್ರಶ್ನೆ ಈ ವಿವಾದದ ಕೇಂದ್ರವಾಗಿತ್ತು. ಗವರ್ನರ್ ಬೋರ್ಕ್ 1833ರಲ್ಲಿ ಅದಕ್ಕೆ ಅವಕಾಶ ಕೊಟ್ಟಾಗ ಎರಡನೆಯ ಗುಂಪು ಪ್ರತಿಭಟಿಸಿತು. ಅದರ ಮನವಿಯನ್ನು ಹೊತ್ತು 1836ರಲ್ಲಿ ಲಂಡನ್ನಿಗೆ ಹೋದವನು ಜೇಮ್ಸ್. ಅಲ್ಲಿ 1837ರಲ್ಲಿ ಅವನ ಹೆಸರಿನಲ್ಲಿ ವಸಾಹತಿನ ಸ್ಥಿತಿಗತಿ ಮತ್ತು ಭವಿಷ್ಯವನ್ನು ಕುರಿತ ಗ್ರಂಥವೊಂದು ಪ್ರಕಟವಾಯಿತು, ಅದರ ಬರವಣಿಗೆಯಲ್ಲಿ ಎಡ್ವರ್ಡ್ ಎಡ್ವರ್ಡ್ಸ್ ಎಂಬವನ ಪಾಲು ದೊಡ್ಡದು. ಗಡೀಪಾರು ಪದ್ಧತಿಯನ್ನು ಪರಿಶೀಲಿಸಲು ವಿಲಿಯಂ ಮೋಲ್ಸ್‌ವರ್ತ್‌ನ ಅಧ್ಯಕ್ಷತೆಯಲ್ಲಿ ನೇಮಕವಾದ ಸಂಸತ್ತಿನ ಸಮಿತಿಯ ಮುಂದೆ ಅವನು ಸಾಕ್ಷ್ಯವನ್ನೂ ನುಡಿದ.

ಈ ಸಾಕ್ಷ್ಯದ ವಿಶೇಷವೆಂದರೆ, ಕೈದಿಗಳ ದುಡಿಮೆಯಿಂದ ಬಹಳ ಲಾಭ ಪಡೆದ ಮನೆತನದ ವಾರಸುದಾರನೇ ಆ ಪದ್ಧತಿ ಕೊನೆಗೊಂಡು ಅದರ ಜಾಗಕ್ಕೆ ಸ್ವತಂತ್ರ ವಲಸಿಗರು ಬರಬೇಕೆಂಬ ಪಕ್ಷವನ್ನು ಹಿಡಿದದ್ದು. ಅದರಲ್ಲಿ ನೀತಿಯ ಕಾಳಜಿಯಷ್ಟೇ ದೂರದ ಲೆಕ್ಕಾಚಾರವೂ ಇತ್ತು: ಕೈದಿಗಳು ಬರುತ್ತಿರುವವರೆಗೆ ಪ್ರಾತಿನಿಧಿಕ ಶಾಸನ ಸಭೆಯನ್ನು ಲಂಡನ್ ಕೊಡಲಾರದು, ಸಭೆಯಿಲ್ಲದೆ ಭೂಮಿ ಮತ್ತು ತೆರಿಗೆಯ ಮೇಲೆ ವಸಾಹತಿಗರಿಗೆ ಹಿಡಿತ ಸಿಗಲಾರದು. 1840ರಲ್ಲಿ ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರು ನಿಂತಿತು. ಅಷ್ಟರಲ್ಲಿ, 1838ರ ಜೂನ್‌ನಲ್ಲಿ ಲಂಡನ್ನಿನ ಬ್ಯಾಂಕರ್ ಹೆನ್ರಿ ಸ್ಟೋನ್‌ನ ಮಗಳು ಎಮಿಲಿಯನ್ನು ಮದುವೆಯಾಗಿದ್ದ ಜೇಮ್ಸ್ 1839ರಲ್ಲಿ ಹಿಂತಿರುಗಿ, ಅದೇ ವರ್ಷ ಶಾಸನ ಪರಿಷತ್ತಿಗೆ ನಾಮನಿರ್ದೇಶಿತನಾದ. 1840ರ ಮೇ ತಿಂಗಳಲ್ಲಿ ಅವರ ಏಕಮಾತ್ರ ಸಂತಾನ ಎಲಿಜಬೆತ್ ಹುಟ್ಟಿದಳು.

ಗಡೀಪಾರು ನಿಂತ ಮೇಲೆ ಹಳೆಯ ಗುಂಪುಗಾರಿಕೆಗೆ ಅರ್ಥವುಳಿಯಲಿಲ್ಲ. ಇಮ್ಯಾನ್ಸಿಪಿಸ್ಟರ ನಾಯಕನಾಗಿದ್ದ ವಿಲಿಯಂ ಚಾರ್ಲ್ಸ್ ವೆಂಟ್‌ವರ್ತ್ ಮತ್ತು ಜೇಮ್ಸ್ ಮೆಕಾರ್ಥರ್ 1842ರಲ್ಲಿ ಪ್ರಾತಿನಿಧಿಕ ಸರ್ಕಾರದ ಬೇಡಿಕೆಗಾಗಿ ಒಂದೇ ವೇದಿಕೆ ಏರಿದರು. ಅದೇ ವರ್ಷದ ಶಾಸನದಂತೆ ಪರಿಷತ್ತಿನ 36 ಸ್ಥಾನಗಳಲ್ಲಿ 24 ಚುನಾವಣೆಗೆ ತೆರೆದವು. 1843ರ ಮೊದಲ ಚುನಾವಣೆಯಲ್ಲಿ ಕ್ಯಾಮ್ಡೆನ್ ಕೌಂಟಿಯಿಂದ ಐರಿಷ್ ಕ್ಯಾಥೊಲಿಕ್ ವಕೀಲ ರೋಜರ್ ಥೆರಿಗೆ ಮೆಕಾರ್ಥರ್ ಸೋದರರು ಬೆಂಬಲ ಕೊಟ್ಟದ್ದು ಪ್ರೊಟೆಸ್ಟೆಂಟ್ ಮತದಾರರಲ್ಲಿ ಹಲವರಿಗೆ ಹಿಡಿಸಲಿಲ್ಲ. ಥೆರಿ ಗೆದ್ದ, ಆದರೆ ಅಲ್ಲಿ ಸೋತ ಚಾರ್ಲ್ಸ್ ಕೌಪರ್ ಕಂಬರ್ಲೆಂಡ್ ಕೌಂಟಿಯಲ್ಲಿ ನಿಂತು ಜೇಮ್ಸನನ್ನೇ ಸೋಲಿಸಿದ. ಬರ ಮತ್ತು ಉಣ್ಣೆ ಬೆಲೆಯ ಕುಸಿತ, ಜೊತೆಗೆ 1843ರಲ್ಲಿ ಬ್ಯಾಂಕ್ ಆಫ್ ಆಸ್ಟ್ರೇಲಿಯಾದ ಪತನ, ಬೌಮನ್ ಮತ್ತು ಹ್ಯಾನಿಬಲ್ ಇಬ್ಬರನ್ನೂ ಆರ್ಥಿಕವಾಗಿ ಮುಳುಗಿಸಿದವು. ಬಂಧುಗಳ ಸಾಲದ ಹೊರೆಯ ನಡುವೆಯೂ ಕ್ಯಾಮ್ಡೆನ್ ಉಳಿದುಕೊಂಡದ್ದಕ್ಕೆ ಗೇಣಿಯ ಆದಾಯ ಮತ್ತು ವಿಲಿಯಂನ ತೋಟಗಾರಿಕೆ ಆಸರೆಯಾದವು. 1843ರಿಂದ ಪ್ರಕಟವಾಗತೊಡಗಿದ ಕ್ಯಾಮ್ಡೆನ್ ನರ್ಸರಿಯ ಸಸ್ಯಪಟ್ಟಿಗಳ ಮೂಲಕ ಕ್ಯಾಮೆಲಿಯಾ ಹೂಗಿಡಗಳು, ದ್ರಾಕ್ಷಿ ಬಳ್ಳಿಗಳು ಮತ್ತು ಹಣ್ಣಿನ ಸಸಿಗಳು ವಸಾಹತಿನ ಉದ್ದಗಲಕ್ಕೂ ಹಂಚಿಹೋದವು.

ಸಂವಿಧಾನ ರಚನೆ: 1848–1859

1848ರಲ್ಲಿ ಕ್ಯಾಮ್ಡೆನ್ ಕೌಂಟಿಯಿಂದ ಚುನಾಯಿತನಾಗಿ ಪರಿಷತ್ತಿಗೆ ಮರಳಿದ ಜೇಮ್ಸ್ ಮುಂದಿನ ಎಂಟು ವರ್ಷ ಅಲ್ಲಿನ ಗೌರವಾನ್ವಿತ ಸದಸ್ಯರಲ್ಲೊಬ್ಬನಾಗಿದ್ದ. 1849ರಲ್ಲಿ ವಿಲಿಯಂ ಕೂಡ ಪರಿಷತ್ತನ್ನು ಸೇರಿದ. 1850ರಲ್ಲಿ ತಾಯಿ ಎಲಿಜಬೆತ್ ಮೆಕಾರ್ಥರ್ ತೀರಿಕೊಂಡಳು. ಮನೆಯ ಹಿಂದಿನ ದಿಬ್ಬದ ಕುಟುಂಬ ಸ್ಮಶಾನದಲ್ಲಿ ಗಂಡನ ಬಳಿ ಅವಳ ಸಮಾಧಿಯಾಯಿತು. 1851ರಲ್ಲಿ ಚಿನ್ನ ಸಿಕ್ಕ ಸುದ್ದಿ ಹರಡಿ ಜನ ಪ್ರವಾಹದಂತೆ ಬಂದಿಳಿಯತೊಡಗಿದಾಗ, ಬದಲಾಗುತ್ತಿರುವ ಸಮಾಜಕ್ಕೆ ಯಾವ ಸಂವಿಧಾನ ತಕ್ಕದ್ದೆಂಬ ಪ್ರಶ್ನೆ ತುರ್ತಾಯಿತು.

1853ರಲ್ಲಿ ವೆಂಟ್‌ವರ್ತ್ ನೇತೃತ್ವದ ಸಮಿತಿ ಮಂಡಿಸಿದ ಕರಡಿನಲ್ಲಿ, ಬ್ರಿಟನ್ನಿನ ಲಾರ್ಡ್ಸ್ ಸಭೆಯಂತೆ ವಂಶಪಾರಂಪರ್ಯ ಪದವಿಗಳನ್ನು ಸ್ಥಾಪಿಸಿ ಅವುಗಳ ಆಧಾರದ ಮೇಲೆ ಮೇಲ್ಮನೆ ರಚಿಸುವ ಸೂಚನೆಯಿತ್ತು, ಜೇಮ್ಸ್ ಅದನ್ನು ಬೆಂಬಲಿಸಿದ. ಆಗಸ್ಟ್ 15ರಂದು ಸಿಡ್ನಿಯಲ್ಲಿ ಸೇರಿದ ಪ್ರತಿಭಟನಾ ಸಭೆಯಲ್ಲಿ ಇಪ್ಪತ್ತೈದರ ಹರೆಯದ ಡೇನಿಯಲ್ ಡೆನಿಹಿ ಎಂಬ ವಾಗ್ಮಿ ಈ ಯೋಜನೆಗೆ ‘ಬನ್ಯಿಪ್ ಶ್ರೀಮಂತಿಕೆ’ ಎಂದು ಹೆಸರಿಟ್ಟು ನಗೆಗೀಡುಮಾಡಿದ. ಬನ್ಯಿಪ್ ಎಂದರೆ ಮೂಲನಿವಾಸಿಗಳ ಕಥೆಗಳಲ್ಲಿ ಬರುವ, ಕೆಸರುಗುಂಡಿಯಲ್ಲಿ ಅಡಗಿರುವ ಜೀವಿ. ಜೇಮ್ಸ್ ಮೆಕಾರ್ಥರ್ ಅರ್ಲ್ ಪದವಿಗೇರಿದರೆ ಅವನ ಲಾಂಛನದಲ್ಲಿ ರಮ್ಮಿನ ಪೀಪಾಯಿಯೇ ಇರಬೇಕೆಂದು ತಂದೆಯ ಕಾಲದ ದಂಗೆಯನ್ನು ನೆನಪಿಸಿದ ಅವನ ಚುಚ್ಚುಮಾತು ಊರೆಲ್ಲ ಹರಡಿತು. ವಂಶಪಾರಂಪರ್ಯದ ಕಲಂ ಬಿದ್ದುಹೋಯಿತು. ಗವರ್ನರ್ ನಾಮನಿರ್ದೇಶನ ಮಾಡುವ ಮೇಲ್ಮನೆ ಮತ್ತು ಚುನಾಯಿತ ಕೆಳಮನೆ ಉಳಿದುಕೊಂಡವು.

1856ರ ಮೇ 22ರಂದು ಹೊಸ ಸಂಸತ್ತು ಸೇರಿತು. ಮಂತ್ರಿಮಂಡಲವು ಗವರ್ನರನಿಗಲ್ಲದೆ ಶಾಸನ ಸಭೆಗೆ ಉತ್ತರ ಹೇಳಬೇಕಾದ ‘ಜವಾಬ್ದಾರಿ ಸರ್ಕಾರ’ದ ಪದ್ಧತಿ ಅಂದಿನಿಂದ ಜಾರಿಗೆ ಬಂತು. ಪಶ್ಚಿಮ ಕ್ಯಾಮ್ಡೆನ್ ಕ್ಷೇತ್ರದ ಪ್ರತಿನಿಧಿಯಾಗಿ ಕೆಳಮನೆಗೆ ಬಂದ ಜೇಮ್ಸ್, ಹಿಂದೆ ತನ್ನನ್ನು ಸೋಲಿಸಿದ್ದ ಕೌಪರನ ಸರ್ಕಾರ 1858ರಲ್ಲಿ ವಯಸ್ಕ ಗಂಡಸರೆಲ್ಲರಿಗೆ ಮತದಾನದ ಹಕ್ಕನ್ನೂ ಗುಪ್ತ ಮತದಾನವನ್ನೂ ತಂದಾಗ, ಆಸ್ತಿಯಿಲ್ಲದವರ ಕೈಗೆ ಅಧಿಕಾರ ಹೋಗುವುದರ ಬಗ್ಗೆ ತನ್ನ ಆತಂಕವನ್ನು ಮರೆಮಾಚಲಿಲ್ಲ; ಹೊಸ ರಾಜಕಾರಣದ ಧಾಟಿ ಅವನಿಗೆ ಒಗ್ಗಲಿಲ್ಲ. 1859ರಲ್ಲಿ ಆತ ಕೆಳಮನೆಯಿಂದ ಹೊರಬಂದ.

ಕೊನೆಯ ವರ್ಷಗಳು ಮತ್ತು ಉತ್ತರಾಧಿಕಾರ: 1860ರಿಂದ ಇಂದಿನವರೆಗೆ

1860ರಿಂದ 1864ರವರೆಗೆ ಜೇಮ್ಸ್ ಕುಟುಂಬದೊಂದಿಗೆ ಯುರೋಪಿನಲ್ಲಿದ್ದ. ಆ ಅವಧಿಯಲ್ಲಿ, 1861ರಲ್ಲಿ, ಯಾರು ಬೇಕಾದರೂ ಸರ್ಕಾರಿ ಭೂಮಿಯಲ್ಲಿ ಸಣ್ಣ ಹಿಡುವಳಿಯನ್ನು ಆರಿಸಿಕೊಳ್ಳಬಹುದೆಂಬ ರಾಬರ್ಟ್‌ಸನ್ ಭೂ ಕಾಯ್ದೆಗಳು ಜಾರಿಗೆ ಬಂದು ದೊಡ್ಡ ಹಿಡುವಳಿದಾರರ ಪ್ರಭಾವವನ್ನು ಪ್ರಶ್ನಿಸಿದವು. ಕ್ಯಾಮ್ಡೆನ್ ಸುತ್ತಿನ ಗೋಧಿಗೆ ತುಕ್ಕು ರೋಗ ತಗುಲಿ ಗೇಣಿದಾರರು ಕಂಗಾಲಾದರು. 1863ರಲ್ಲಿ ಮೆನಾಂಗಲ್ ಬಳಿ ನೇಪಿಯನ್ ನದಿಗೆ ಕಬ್ಬಿಣದ ರೈಲ್ವೆ ಸೇತುವೆ ಬಿದ್ದು, ಮುಂದೆ ಹಾಲನ್ನು ಸಿಡ್ನಿಗೆ ಸಾಗಿಸಲು ದಾರಿಯಾಯಿತು. 1866ರಲ್ಲಿ ಮೇಲ್ಮನೆಗೆ ನಾಮನಿರ್ದೇಶಿತನಾದ ಜೇಮ್ಸ್ 1867ರ ಏಪ್ರಿಲ್ 21ರಂದು ನಿಧನನಾದ. ಅದೇ ವರ್ಷದ ಜನವರಿಯಲ್ಲಿ ಮಗಳು ಎಲಿಜಬೆತ್ ನೌಕಾಧಿಕಾರಿ ಆರ್ಥರ್ ಆನ್ಸ್‌ಲೋನನ್ನು ಮದುವೆಯಾಗಿದ್ದಳು.

ಅವಿವಾಹಿತನಾಗಿದ್ದ ಸರ್ ವಿಲಿಯಂ ಮೆಕಾರ್ಥರ್ ಮತ್ತು ಅಳಿಯ ಆರ್ಥರ್ ಆನ್ಸ್‌ಲೋ ಇಬ್ಬರೂ 1882ರಲ್ಲಿ ತೀರಿಕೊಂಡಾಗ ಎಸ್ಟೇಟಿನ ಭಾರ ಎಲಿಜಬೆತ್ತಳ ಮೇಲೆ ಬಿತ್ತು. ಅಜ್ಜಿಯ ಹೆಸರಿನೊಂದಿಗೆ ಅಜ್ಜಿಯ ಹೊಣೆಯೂ ಮೊಮ್ಮಗಳ ಪಾಲಿಗೆ ಬಂತು. ಅವಳು ಹೈನುಗಾರಿಕೆಯನ್ನು ಅಭ್ಯಾಸ ಮಾಡಿ, ಗೋಧಿ ಸೋತ ನೆಲದಲ್ಲಿ ಗೇಣಿದಾರರನ್ನು ಹಾಲಿನ ಉತ್ಪಾದನೆಗೆ ತಿರುಗಿಸಿದಳು, ಮತ್ತು 1899ರಲ್ಲಿ ಎಸ್ಟೇಟನ್ನು ಕುಟುಂಬದ ಕಂಪನಿಯಾಗಿ ನೋಂದಾಯಿಸಿದಳು. 1911ರಲ್ಲಿ ಅವಳು ನಿಧನಳಾದ ಮೇಲೂ ಕ್ಯಾಮ್ಡೆನ್ ಹಾಲಿನ ಹೆಸರು ಸಿಡ್ನಿಯಲ್ಲಿ ಉಳಿಯಿತು. 1952ರಲ್ಲಿ ಮೆನಾಂಗಲ್‌ನಲ್ಲಿ ಆರಂಭವಾದ, ತಿರುಗುವ ವೇದಿಕೆಯ ಮೇಲೆ ಹಸುಗಳನ್ನು ನಿಲ್ಲಿಸಿ ಯಂತ್ರದಿಂದ ಹಾಲು ಕರೆಯುವ ‘ರೋಟೊಲ್ಯಾಕ್ಟರ್’ ನೋಡಲು ಜನ ಗುಂಪುಗುಂಪಾಗಿ ಬರುತ್ತಿದ್ದರು. ಅವಳ ಮಗ ಜೇಮ್ಸ್ ವಿಲಿಯಂ ಮೆಕಾರ್ಥರ್-ಆನ್ಸ್‌ಲೋ 1907ರಿಂದ ಶಾಸನ ಸಭೆಯ ಸದಸ್ಯನಾಗಿ ಮನೆತನದ ಸಾರ್ವಜನಿಕ ಸೇವೆಯನ್ನು ಇಪ್ಪತ್ತನೆಯ ಶತಮಾನಕ್ಕೆ ಒಯ್ದ. ಎಸ್ಟೇಟಿನ ದೊಡ್ಡ ಭಾಗ 1970ರ ದಶಕದಲ್ಲಿ ರಾಜ್ಯ ಸರ್ಕಾರದ ವಶಕ್ಕೆ ಬಂದು, ಅಲ್ಲಿ ಪಶುರೋಗ ಮತ್ತು ಸಸ್ಯರೋಗಗಳ ಸಂಶೋಧನೆ ನಡೆಸುವ ಎಲಿಜಬೆತ್ ಮೆಕಾರ್ಥರ್ ಕೃಷಿ ಸಂಸ್ಥೆ ತಲೆಯೆತ್ತಿತು. ಹೊರಗಿನ ರಕ್ತ ಬೆರೆಸದೆ ಕಾಪಾಡಿಕೊಂಡು ಬಂದ ಹಳೆಯ ಕ್ಯಾಮ್ಡೆನ್ ಮೆರಿನೊ ಹಿಂಡಿನ ಸಂತತಿಯನ್ನೂ ಅಲ್ಲಿ ಉಳಿಸಿಕೊಳ್ಳಲಾಗಿದೆ. ಬೆಲ್ಜೆನಿ ಫಾರ್ಮ್‌ನ ಕಟ್ಟಡಗಳು ಸಂರಕ್ಷಿತ ಸ್ಮಾರಕಗಳಾಗಿವೆ.

ಸಮಾಲೋಚನೆ

ಜೇಮ್ಸ್ ಮೆಕಾರ್ಥರನ ಬದುಕನ್ನು ಅವನ ಉದ್ದೇಶಗಳಿಂದ ಅಳೆದರೆ ಸೋಲುಗಳೇ ಹೆಚ್ಚು ಕಾಣುತ್ತವೆ. ಮಾಜಿ ಕೈದಿಗಳ ಹಕ್ಕುಗಳನ್ನು ತಡೆಯುವ ಪ್ರಯತ್ನ ಫಲಿಸಲಿಲ್ಲ, ಶ್ರೀಮಂತ ಪದವಿಗಳ ಮೇಲ್ಮನೆ ಬರಲಿಲ್ಲ, ಆಸ್ತಿಯುಳ್ಳವರಿಗಷ್ಟೇ ಮತವೆಂಬ ವಾದ ಅವನ ಕಣ್ಣೆದುರೇ ಬಿದ್ದುಹೋಯಿತು. ಆದರೆ ಗಡೀಪಾರಿನ ನೆಲ ಪ್ರಾತಿನಿಧಿಕ ಸಭೆಯುಳ್ಳ ನಾಡಾಗಿ ಬದಲಾದ ಮೂರು ಹಂತಗಳಲ್ಲಿ, ಎಂದರೆ 1837ರ ಸಾಕ್ಷ್ಯ, 1842ರ ಹೊಂದಾಣಿಕೆ ಮತ್ತು 1853–56ರ ಸಂವಿಧಾನ ರಚನೆಯಲ್ಲಿ, ಅವನ ಕೈವಾಡವಿದೆ. ಹಳೆಯ ವಿರೋಧಿಗಳೊಂದಿಗೆ ಕೂಡಿ ಕೆಲಸ ಮಾಡುವ ಆ ಗುಣ ತಂದೆಯಿಂದ ಬಂದದ್ದಲ್ಲ, ಅವನೇ ರೂಢಿಸಿಕೊಂಡದ್ದು. ಎಸ್ಟೇಟಿನ ಮಟ್ಟಿಗೆ ಹೇಳುವುದಾದರೆ, ಉಣ್ಣೆಯಿಂದ ಗೋಧಿಗೆ, ಗೋಧಿಯಿಂದ ಹಾಲಿಗೆ, ಹಾಲಿನಿಂದ ಸಂಶೋಧನೆಗೆ ಅದು ತಿರುಗಿಕೊಳ್ಳಲು ಸಾಧ್ಯವಾದದ್ದು ಕೈದಿಗಳ ಜಾಗಕ್ಕೆ ಕುಟುಂಬಗಳನ್ನೂ ಕುರಿಹಟ್ಟಿಯ ಪಕ್ಕಕ್ಕೆ ಪಟ್ಟಣವನ್ನೂ ಅವನು ಮತ್ತು ವಿಲಿಯಂ ತಂದು ನೆಲೆಗೊಳಿಸಿದ್ದರಿಂದ. ಈ ಸಾಧನೆಯ ಬೆಲೆಯನ್ನು ಧರಾವಲ್ ಮತ್ತು ಗುಂಡುಂಗುರ್ರ ಜನ ತೆತ್ತರೆಂಬುದನ್ನೂ, ಅದರ ದುಡಿಮೆಯನ್ನು ಹೆಸರು ದಾಖಲಾಗದ ಕೈದಿಗಳು ಮತ್ತು ಗೇಣಿದಾರರು ಮಾಡಿದರೆಂಬುದನ್ನೂ ಸೇರಿಸಿಕೊಂಡಾಗ ಮಾತ್ರ ಕ್ಯಾಮ್ಡೆನ್ ಪಾರ್ಕಿನ ಎರಡು ಶತಮಾನಗಳ ಲೆಕ್ಕ ಸರಿಹೊಂದುತ್ತದೆ.